ಸದ್ಯಕ್ಕೆ ಇರಲಿ ಎಂದ ಬೋಲ್ಟು

ಹಳೆಯ ಯಂತ್ರ ಕೊಳ್ಳಲು ಬಂದವರಿಗೆ ಈಗ ನಾನು ಮೊದಲು ಹೇಳುವ ಮಾತು ಒಂದೇ. ಅದು ಎಳೆಯುವುದನ್ನು ನೋಡಬೇಡಿ, ನಿಲ್ಲುವುದನ್ನು ನೋಡಿ. ಮೇವು ಹಾಕಿದರೆ ಕತ್ತೆಯೂ ಎಳೆಯುತ್ತದೆ, ಕರೆಂಟು ಕೊಟ್ಟರೆ ಮೋಟಾರೂ ಎಳೆಯುತ್ತದೆ. ಭಾರ ಹೊತ್ತು ನಡು ಇಳಿಜಾರಿನಲ್ಲಿರುವಾಗ ಕರೆಂಟು ಹೋದರೆ ನಿಲ್ಲುತ್ತದೆಯೇ, ಅದನ್ನು ಕೇಳಿ. ಕೇಳುವವರು ಕಡಿಮೆ. ಬಣ್ಣ ಕೇಳುತ್ತಾರೆ, ಎಷ್ಟು ಹಳೆಯದು ಎಂದು ಕೇಳುತ್ತಾರೆ, "ಇನ್ನೊಂದೀಟು ಇಳಸ್ರಿ" ಅನ್ನುತ್ತಾರೆ. ಬ್ರೇಕಿನ ಸುದ್ದಿ ಎತ್ತುವುದಿಲ್ಲ. ಎತ್ತದವರಿಗೆ ನಾನಾಗಿ ಹೇಳುವ ಉಸಾಬರಿಗೆ ಬಹಳ ವರ್ಷ ನಾನೂ ಹೋಗಿರಲಿಲ್ಲ.

ಬಳ್ಳಾರಿಯಿಂದ ಹಲಕುಂದಿ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನ ಶೆಡ್ಡು. ಮೊದಲು ಗುಜರಿ ಕಬ್ಬಿಣ ತೂಕಕ್ಕೆ ಕೊಂಡು ತೂಕಕ್ಕೆ ಮಾರುತ್ತಿದ್ದೆ. ಅದಿರು ಒಡೆಯುವ ಕ್ರಷರುಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ, ತೂಕಕ್ಕೆ ಬಂದ ರಾಶಿಯೊಳಗೆ ಇನ್ನೂ ಜೀವ ಇದ್ದ ಮಾಲನ್ನು ಆರಿಸಿ, ತೊಳೆದು, ಸರಿಪಡಿಸಿ, ಯಂತ್ರವೆಂದು ಮಾರಲು ಕಲಿತೆ. ಓದಿದ್ದು ಏಳನೇ ಕ್ಲಾಸು. ಗಾಳಿ ಬ್ರೇಕನ್ನು ಕಲಿತದ್ದು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ. ಹಾಗೆ ಬಂದ ಒಂದು ವಿಂಚನ್ನು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿಗೆ ಕೊಟ್ಟಿದ್ದೆ. ನೆಲದಿಂದ ಮೇಲಿನ ಅಟ್ಟಕ್ಕೆ ಇಳಿಜಾರಾಗಿ ಹಳಿ ಹಾಕಿ, ಅದರ ಮೇಲೆ ಭತ್ತದ ಮೂಟೆಗಳ ಟ್ರಾಲಿಯನ್ನು ಉಕ್ಕಿನ ಹಗ್ಗದಿಂದ ಎಳೆದುಕೊಳ್ಳುವ ಯಂತ್ರ ಅದು.

ಅದರ ಬ್ರೇಕಿನ ಗುಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅದರಲ್ಲಿ ಗಾಳಿ ಬ್ರೇಕು ಹಾಕುವುದಿಲ್ಲ, ಬಿಡಿಸುತ್ತದೆ. ಹಗ್ಗ ಸುತ್ತುವ ಡ್ರಮ್ಮಿನ ಪಕ್ಕದಲ್ಲಿ ಒಂದು ಉಕ್ಕಿನ ತಟ್ಟೆ, ಅದನ್ನು ಎರಡು ಕಡೆ ಕಚ್ಚಿಕೊಂಡ ಎರಡು ಇಕ್ಕಳ. ಕಚ್ಚಿಸುವುದು ಒಳಗಿನ ದಪ್ಪ ಸ್ಪ್ರಿಂಗು. ಕಂಪ್ರೆಸರಿನ ಗಾಳಿ ಬಂದು ಸ್ಪ್ರಿಂಗನ್ನು ಅದುಮಿ ಹಿಡಿದಾಗ ಮಾತ್ರ ಇಕ್ಕಳ ಬಾಯಿ ಬಿಡುತ್ತದೆ, ಟ್ರಾಲಿ ಕದಲುತ್ತದೆ. ಪೈಪು ಒಡೆಯಲಿ, ಕರೆಂಟು ಹೋಗಲಿ, ನಡೆಸುವವನು ವಾಲ್ವು ಮುಚ್ಚಲಿ, ಗಾಳಿ ಹೋಯಿತೋ ಸ್ಪ್ರಿಂಗು ಕಚ್ಚಿತು. ಮರ್ಯಾದಸ್ಥ ಯಂತ್ರ. ಒಂದೇ ತೊಡಕು ಅಂದರೆ, ಅದನ್ನು ಲಾರಿಯಲ್ಲಿ ಸಾಗಿಸಿ ಕೂರಿಸುವಾಗ ಗಾಳಿ ಇರುವುದಿಲ್ಲ. ಆಗ ಸ್ಪ್ರಿಂಗನ್ನು ಕಟ್ಟಿಹಾಕಲು ಇಕ್ಕಳಕ್ಕೊಂದು ಉದ್ದ ಬೋಲ್ಟು ಬಿಗಿಯುತ್ತೇವೆ. ಕೂರಿಸಿದ ಮೇಲೆ ಆ ಬೋಲ್ಟು ತೆಗೆಯಲೇಬೇಕು. ತೆಗೆಯದಿದ್ದರೆ ಆ ಇಕ್ಕಳ ಇದ್ದೂ ಇಲ್ಲದಂತೆ.

ಆಯುಧಪೂಜೆ ಮುಗಿದು ಮೂರು ವಾರ ಆಗಿತ್ತು. ಸತ್ಯನಾರಾಯಣಪೇಟೆಯ ಮನೆಯಲ್ಲಿ ನಾಷ್ಟಾ ಮಾಡುತ್ತಿದ್ದಾಗ ಮಿಲ್ಲಿನ ಸಾಹುಕಾರರ ಫೋನು ಬಂತು.

"ಬ್ರೇಕು ಜಾರತೈತಯ್ಯಾ. ಹಿಡಿಯೋ ಪುಡಿ ಗಿಡಿ ಏನರೆ ಇದ್ರ ಬಸ್ಸಿಗೆ ಹಾಕಿ ಕಳಸು."

"ಹಿಡಿಯೋ ಪುಡಿ ಅಂದ್ರ ಏನ್ರಿ ಸಾವ್ಕಾರ್ರ?"

"ಅದೇಮೋ ನಿನಗ ಗೊತ್ತಿರಬೇಕು. ಈಗ ಬೂದಿ ಹಾಕಿ ನಡಸಾಕ ಹತ್ತೀವಿ. ಅರ್ಧ ದಿನ ಹಿಡೀತೈತಿ, ಮತ್ತ ಜಾರತೈತಿ."

ತಟ್ಟೆಯಲ್ಲಿದ್ದ ಮಂಡಕ್ಕಿ ವಗ್ಗರಣೆಯನ್ನು ಹಾಗೆಯೇ ಬಿಟ್ಟೆ. ಯಂತ್ರ ನಿಲ್ಲಿಸಿ, ನಾನು ಬರುವವರೆಗೆ ಮುಟ್ಟಬೇಡಿ ಎಂದೆ. ಹೂಂ ಅಂದರು. ಆ ಹೂಂ ಎಂಥದ್ದು ಎಂದು ವ್ಯಾಪಾರದವನಿಗೆ ಹೇಳಿಕೊಡಬೇಕಾಗಿಲ್ಲ.

ಆ ವಿಂಚನ್ನು ಕೂರಿಸಿದ್ದು ನನ್ನ ಕೆಲಸಗಳನ್ನೆಲ್ಲ ಮಾಡುವ ಫಿಟ್ಟರು, ಕುರುಗೋಡಿನವನು. ಸುತ್ತಾದರೂ ಸರಿ ಎಂದು ವ್ಯಾನನ್ನು ಕುರುಗೋಡಿಗೆ ತಿರುಗಿಸಿ ಅವನನ್ನು ಹತ್ತಿಸಿಕೊಂಡೆ. ಕೈ ಒಳ್ಳೆಯದು, ಬಾಯಿ ಇನ್ನೂ ಒಳ್ಳೆಯದು. ಹತ್ತಿದ ಕೂಡಲೇ ಊರ ಸುದ್ದಿ ಶುರು ಮಾಡುವವನು. ಅವತ್ತು ಸಿರುಗುಪ್ಪದ ವಿಂಚು ಎಂದೆ, ಸುಮ್ಮನಾದ. ಗದ್ದೆಗಳು ಬಂದವು, ಕಾಲುವೆ ಬಂತು, ಅವನು ಕಿಟಕಿಯ ಆಚೆ ನೋಡುತ್ತಲೇ ಇದ್ದ.

"ಏನಲೇ, ಹಲ್ಲು ಗಿಲ್ಲು ನೋಯತೈತೇನು?" ಎಂದು ಕೇಳಿದೆ.

"ಇಲ್ಲಣ್ಣಾ. ಹೋಗಿ ನೋಡೂಣ."

ಮಿಲ್ಲು ನಿಂತಿರಲಿಲ್ಲ. ಅಂಗಳದಲ್ಲಿ ಲಾರಿಗಳು, ಟ್ರಾಲಿ ಮೇಲೆ ಹೋಗುತ್ತಿದೆ, ಕೆಳಗೆ ಬರುತ್ತಿದೆ. ನಾನು ನೇರ ಕಂಪ್ರೆಸರಿನ ಹತ್ತಿರ ಹೋದೆ. ಯಾರ ಮಿಲ್ಲಿಗೆ ಹೋದರೂ ಮೊದಲು ಅಲ್ಲಿಗೆ ಹೋಗಿ. ಆಫೀಸಿನ ಖುರ್ಚಿ ನೋಡಿದರೆ ಸಾಹುಕಾರ ತಿಳಿಯುತ್ತಾನೆ, ಗಾಳಿ ಟ್ಯಾಂಕು ನೋಡಿದರೆ ಮಿಲ್ಲು ತಿಳಿಯುತ್ತದೆ. ಟ್ಯಾಂಕಿನ ಬುಡಕ್ಕೆ ಯಾರೋ ತಿಂಗಳುಗಟ್ಟಲೆ ಗುಟ್ಕಾ ಉಗುಳಿದ್ದರು. ಒತ್ತಡ ತೋರಿಸುವ ಮೀಟರಿನ ಗಾಜಿನ ನಟ್ಟನಡುವೆ, ಪೂಜೆಯ ದಿನ ಇಟ್ಟ ಅರಿಶಿನ ಕುಂಕುಮ ಅಂಗೈಯಗಲ ಒಣಗಿ ಕೂತಿತ್ತು. ಮುಳ್ಳು ಎಲ್ಲಿದೆ ಎಂದು ದೇವರೇ ನೋಡಿಕೊಳ್ಳಬೇಕು. ಬುಡದ ನಲ್ಲಿ ತಿರುಗಿಸಿದೆ. ದಿನಾ ಬೆಳಿಗ್ಗೆ ತಿರುಗಿಸಿ ನೀರು ಬಿಡಬೇಕಾದ ನಲ್ಲಿ. ತುಕ್ಕು ಹಿಡಿದು, ಪಾನಾ ಹಾಕಿ ತಿರುಗಿಸಬೇಕಾಯಿತು. ಮೊದಲು ಗೊರಗೊರ ಸದ್ದು, ಆಮೇಲೆ ಕಪ್ಪು ಚಹಾದಂಥ ನೀರು, ಎಣ್ಣೆಯ ಜಿಡ್ಡು, ಸತ್ತ ಇಲಿಯ ನಾತ. ಒಂದು ಬಕೆಟ್ಟು ತುಂಬಿ ಇನ್ನೊಂದು ಬಕೆಟ್ಟು. ಈ ನೀರೇ ಪೈಪಿನಲ್ಲಿ ಹೋಗಿ ಬ್ರೇಕಿನೊಳಗೆ ಕೂತು ರಬ್ಬರು ತಿನ್ನುವುದು. ಮೂಗಿಗೆ ಟವೆಲು ಒತ್ತಿಕೊಂಡೆ. ವಿಂಚು ನಡೆಸುವವನು, ನಲವತ್ತು ದಾಟಿದ ಮನುಷ್ಯ, ಬಗ್ಗಿ ನೋಡಿ, "ಗಾಳ್ಯಾಗ ಇಷ್ಟು ನೀರು ಎಲ್ಲಿಂದ ಬಂತ್ರಿ?" ಎಂದ. ಎಂಟು ತಿಂಗಳು ಅದರ ಪಕ್ಕದಲ್ಲಿ ಕೂತು ಬೀಡಿ ಸೇದಿದವನು.

ಅವನಿಗೆ ಯಂತ್ರ ನಿಲ್ಲಿಸಲು ಹೇಳಿ ಬ್ರೇಕಿನ ಮೇಲಿನ ತಗಡು ತೆಗೆಸಿದೆ. ತಟ್ಟೆಯ ಮೇಲೆ ಬೂದು ಬಣ್ಣದ ಹಪ್ಪಳದಂಥ ಪದರ. ಉಗುರಿನಿಂದ ಕೆರೆದೆ, ಕೆಳಗೆ ಎಣ್ಣೆ.

"ಯಾರಲೇ ಇದಕ್ಕ ಎಣ್ಣಿ ಹಚ್ಚಿದ್ದು?"

"ನಾನ ರೀ. ಪೂಜಿ ಅಲ್ರೀ? ಎಲ್ಲಾ ಮಿಷನ್ ತೊಳದು, ಎಣ್ಣಿ ಹಚ್ಚಿ, ಫಳಫಳ ಮಾಡಿದ್ವಿ. ಇದೊಂದ ಒಣಾ ಒಣಾ ಕಾಣತಿತ್ತು."

"ಒಣಾನ ಇರಬೇಕಲೇ ಅದು. ಬೂದಿ ಯಾಕ ಹಾಕಿದಿ?"

"ಎಣ್ಣಿ ಹೀರಲಿ ಅಂತ. ಹೊಟ್ಟಿನ ಬೂದಿ ಇಲ್ಲಿ ಗುಡ್ಡ ಬಿದ್ದೈತಿ, ಫುಕಟ್."

ಭತ್ತದ ಹೊಟ್ಟು ಸುಟ್ಟ ಬೂದಿ ಮರಳಿನ ತಮ್ಮ. ಒಂದು ತಾಸು ಗರಗರ ಹಿಡಿಯುತ್ತದೆ, ಆಮೇಲೆ ಎಣ್ಣೆಯೊಡನೆ ಬೆರೆತು ಗಾಜಿನಂತೆ ನುಣುಪಾಗುತ್ತದೆ. ಇದನ್ನು ಓದುವ ಮಿಲ್ಲಿನವರು ಯಾರಾದರೂ ಇದ್ದರೆ ನನ್ನ ಮಾತು ಕೇಳಿ: ಪೂಜೆ ಮಾಡಿ, ಕಾಯಿ ಒಡೆಯಿರಿ, ಹೂವು ಹಾಕಿ. ಬ್ರೇಕಿನ ತಟ್ಟೆಗೆ ಮಾತ್ರ ಎಣ್ಣೆಯ ಕೈ ತಾಗಿಸಬೇಡಿ. ಅದು ಒಣಗಿರುವುದೇ ಅದರ ಶೃಂಗಾರ.

ಆಗ ಕೆಳಗಿನಿಂದ ಹೆಣ್ಣು ದನಿ ಬಂತು. "ಯಾಕ ನಿಲ್ಲಿಸೀಯಲೇ? ನಡಸು."

ಹಳಿಯ ಕೆಳತುದಿಯಲ್ಲಿ, ಟ್ರಾಲಿ ಬಂದು ನಿಲ್ಲುವ ಗುಂಡಿಯಂಥ ಜಾಗದಲ್ಲಿ, ಐವತ್ತರ ಆಸುಪಾಸಿನ ಹೆಂಗಸು ಕುಕ್ಕರಗಾಲಲ್ಲಿ ಕೂತು ಗುಡಿಸುತ್ತಿದ್ದಳು. ಪಕ್ಕದಲ್ಲಿ ಒಂದು ಬಿದಿರಿನ ಪುಟ್ಟಿ. ಹಿಂದೆ ಇನ್ನಿಬ್ಬರು ಮೊರ ಹಿಡಿದು ಕೂತಿದ್ದರು. ಆ ಮಿಲ್ಲಿನಲ್ಲಿ ಒಂದು ವಾಡಿಕೆ ಇದೆ: ಟ್ರಾಲಿಯಿಂದ ಉದುರಿದ ಕಾಳು ಗುಡಿಸಿದವರದ್ದು. ಕೂಲಿಯ ಮೇಲೆ ಅದೊಂದು ಮೇಲಾದಾಯ. ಬ್ರೇಕು ನೆಟ್ಟಗಿದ್ದಾಗ ಉದುರುವುದು ಹಿಡಿ ಕಾಳು. ಈ ಮೂರು ವಾರದಲ್ಲಿ ಟ್ರಾಲಿ ಜಾರಿ, ಕುಲುಕಿ, ಮತ್ತೆ ಜಾರಿ, ಪ್ರತಿ ಸಲವೂ ಮೊರದ ತುಂಬ ಉದುರುತ್ತಿತ್ತು. ಟ್ರಾಲಿ ಮೇಲೆ ಹೋಗುವಾಗಲೇ ಹೋಗಿ ಕೂತರೆ ಬೇರೆಯವರಿಗಿಂತ ಮೊದಲು ಸಿಗುತ್ತದೆ. ಅಂದರೆ ಹತ್ತು ಮೂಟೆ ತಲೆಯ ಮೇಲೆ ತೂಗುತ್ತಿರುವಾಗ ಆಕೆ ಅದರ ನೇರ ಕೆಳಗೆ.

"ಯಕ್ಕಾ, ಎದ್ದು ಈಚಿಗೆ ಬಾ. ಬ್ರೇಕು ಕೆಟ್ಟೈತಿ," ಎಂದೆ.

"ಕೆಡಲಿ ಬಿಡಣ್ಣಾ. ಕೆಟ್ಟ ಮ್ಯಾಲೆ ನಾಕು ಕಾಳು ಬರಾಕ ಹತ್ಯಾವು."

ಹಿಂದಿನವರು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಸಾಯುವ ಜಾಗದಲ್ಲಿ ಕೂಡಲು ಪೈಪೋಟಿ ನಡೆದಿತ್ತು, ಆ ಪೈಪೋಟಿಗೆ ಬಂಡವಾಳ ನಾನು ಮಾರಿದ ಯಂತ್ರ.

ಅಷ್ಟು ಹೊತ್ತಿಗೆ ಫಿಟ್ಟರು ಎಡಗಡೆಯ ಇಕ್ಕಳದ ಹಿಂದೆ ಕೈ ಹಾಕಿ ಏನನ್ನೋ ಹಿಡಿದುಕೊಂಡಿದ್ದ. ಬಗ್ಗಿ ನೋಡಿದೆ. ಅಲ್ಲಿ ಬೋಲ್ಟು ಇತ್ತು. ಸಾಗಿಸುವಾಗ ಹಾಕಿದ ಉದ್ದ ಬೋಲ್ಟು, ನನ್ನ ಶೆಡ್ಡಿನ ಹಳದಿ ಬಣ್ಣದ ಗುರುತಿನ ಸಮೇತ. ಎರಡು ಇಕ್ಕಳದಲ್ಲಿ ಒಂದರ ಬಾಯಿ ಮೊದಲ ದಿನದಿಂದ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಇನ್ನೊಂದಕ್ಕೆ ಎಣ್ಣೆ ಮತ್ತು ಬೂದಿ.

"ಏನಲೇ ಇದು?"

"ಅಣ್ಣಾ, ಅವತ್ತ ಫೋನ್ ಮಾಡಿದ್ನೆಲ್ಲಾ. ಬೋಲ್ಟಿನ ಥ್ರೆಡ್ ಜಾಮ್ ಆಗೈತಿ, ಬರವಲ್ದು, ಕೊರದು ತಗೀಬೇಕು, ಒಂದು ದಿನ ಬೇಕು ಅಂದೆ. ನೀವ ಅಂದ್ರಿ, ಒಂದು ಇಕ್ಕಳ ಸಾಕು, ಸದ್ಯಕ್ಕ ಇರಲಿ, ಆಮ್ಯಾಲೆ ನೋಡೂಣ ಅಂತ."

ಅಂದಿದ್ದೆ. ನೆನಪಾಯಿತು. ಅವತ್ತು ಗಂಗಾವತಿ ಕಡೆಯ ಇನ್ನೊಂದು ಗಿರಾಕಿ ನನ್ನ ಎದುರಿಗೆ ಕೂತಿದ್ದ, ಮಾತು ಮುಗಿಯುವುದರಲ್ಲಿತ್ತು, ಫೋನು ಇಡಬೇಕಿತ್ತು. ಆಮೇಲೆ ಇಲ್ಲಿಗೆ ಬಂದು ಟ್ರಯಲ್ ನೋಡಿದವನೂ ನಾನೇ. ಖಾಲಿ ಟ್ರಾಲಿ ಮೇಲೆ ಹೋಯಿತು, ಕೆಳಗೆ ಬಂತು, ಸಾಹುಕಾರರ ಮನೆಯಲ್ಲಿ ಹೋಳಿಗೆ ಉಂಡು ಕೈ ಒರೆಸಿಕೊಂಡು ಹೋದೆ. ತಗಡು ಎತ್ತಿ ನೋಡಲಿಲ್ಲ. ಬಕೆಟ್ಟಿನ ಕಪ್ಪು ನೀರು ನೋಡಿದಾಗ ಬಂದ ಹೇಸಿಗೆ ಆ ಬೋಲ್ಟು ನೋಡಿದಾಗ ಬಂದದ್ದರ ಮುಂದೆ ಏನೂ ಅಲ್ಲ. ನೀರನ್ನು ಚೆಲ್ಲಬಹುದು.

ನಾನು ಮೊದಲು ಮಾಡಿದ್ದು, ಗಾಳಿ ವಾಲ್ವಿನ ಹಿಡಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡದ್ದು. ಮಾತು ಆಮೇಲೆ. ಮಾತಿನಿಂದ ನಿಂತ ಯಂತ್ರ ಮಾತಿನಿಂದಲೇ ಶುರುವಾಗುತ್ತದೆ. ಹಿಡಿ ಜೇಬಿನಲ್ಲಿದ್ದರೆ ಆಗುವುದಿಲ್ಲ.

ಸಾಹುಕಾರರು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಬಂದರು. "ಏಮಯ್ಯಾ, ಲಾರಿ ನಿಂತಾವು. ಒಂದೀಟು ಒರಸಿ ಕೊಡು, ಸಂಜಿ ತನಕ ನಡೀಲಿ. ಸುಗ್ಗಿ ಮುಗದ ಮ್ಯಾಲೆ ಎಲ್ಲಾ ಬಿಚ್ಚು."

"ಸಂಜಿ ತನಕ ಆ ಅಕ್ಕ ಅಲ್ಲೇ ಕುಂದ್ರತಾಳ್ರಿ."

"ಆಕಿಗೆ ಯಾರು ಹೇಳ್ಯಾರ ಕುಂದ್ರು ಅಂತ? ನಾನಂತೂ ಹೇಳಿಲ್ಲ."

"ಏಳು ಅಂತನೂ ಹೇಳಿಲ್ಲಲ್ರಿ."

ಅವರು ಕಡ್ಡಿಯನ್ನು ಆಚೆ ದವಡೆಗೆ ಬದಲಾಯಿಸಿದರು. ಇಂಥವರ ಹತ್ತಿರ ಭಯದ ಮಾತು ನಡೆಯುವುದಿಲ್ಲ, ಕಣ್ಣಿಗೆ ಕಾಣಬೇಕು. ಒಂದೇ ಒಂದು ಸಲ ನಡೆಸೋಣ ಎಂದೆ. ಹತ್ತು ಮೂಟೆ ತುಂಬಿ ನಡು ದಾರಿಗೆ ಒಯ್ದು ಗಾಳಿ ತೆಗೆಯುತ್ತೇನೆ. ನಿಂತರೆ ಹಿಡಿ ನಿಮ್ಮ ಕೈಗೆ, ನಾನು ಬಳ್ಳಾರಿಗೆ. ನಿಲ್ಲದಿದ್ದರೆ ನಾಳೆ ಮಧ್ಯಾಹ್ನದವರೆಗೆ ಯಂತ್ರ ನನ್ನದು. ಒಪ್ಪಿದರು. ಗೆಲ್ಲುವ ಪಂದ್ಯವನ್ನೇ ಕಟ್ಟಬೇಕು, ಅದು ಚೌಕಾಶಿಯ ಮೊದಲ ಪಾಠ.

ಹೆಂಗಸರನ್ನು ಎಬ್ಬಿಸುವುದೇ ದೊಡ್ಡ ಕೆಲಸವಾಯಿತು. ಆಕೆ ಪುಟ್ಟಿಯನ್ನು ಅಲ್ಲೇ ಬಿಟ್ಟು ಬಂದಳು, ಜಾಗ ಹಿಡಿದಂತೆ ಇರಲಿ ಎಂದು. ಗುಂಡಿಯ ಪಕ್ಕದ ಗೋಡೆಯ ಆಚೆಗೆ ಎಲ್ಲರನ್ನೂ ನಿಲ್ಲಿಸಿ, ಕೆಳತುದಿಯಲ್ಲಿ ಯಾರೂ ಇಲ್ಲವೆಂದು ನಾನೇ ಹೋಗಿ ನೋಡಿ ಬಂದೆ. ಮೂಟೆ ತುಂಬಿದ ಟ್ರಾಲಿ ನಡು ಇಳಿಜಾರಿಗೆ ಹೋಯಿತು. ವಾಲ್ವು ಮುಚ್ಚಿ ಗಾಳಿ ಹೊರಗೆ ಬಿಟ್ಟೆ. ಭುಸ್ ಎಂದಿತು. ಟ್ರಾಲಿ ನಿಂತಿತು. ಸಾಹುಕಾರರು ನನ್ನ ಮುಖ ನೋಡಿ ನಗಲು ಬಾಯಿ ತೆರೆದರು. ಆಗ ಅದು ಒಂದು ಗೇಣು ಜಾರಿತು. ಇನ್ನೊಂದು ಗೇಣು. ಆಮೇಲೆ ಲೆಕ್ಕವಿಲ್ಲ. ಹಳಿ ಕಿರುಚಿ, ಕೆಳಗಿನ ಮರದ ತಡೆಗೆ ಬಡಿದ ಸದ್ದಿಗೆ ಅಟ್ಟದ ಪಾರಿವಾಳಗಳೆಲ್ಲ ಎದ್ದವು. ಮೂರು ಮೂಟೆ ಒಡೆದು ಭತ್ತ ನೆಲ ತುಂಬಿತು. ಪುಟ್ಟಿ ಗಾಲಿಯ ಕೆಳಗೆ ಚಪಾತಿಯಾಗಿತ್ತು.

ಧೂಳು ಇಳಿಯುವ ಮೊದಲೇ ಆ ಮೂವರೂ ಓಡಿ ಬಂದರು. ನೋಡಲು ಅಲ್ಲ, ಬಾಚಲು. ಟ್ರಾಲಿಯ ಗಾಲಿಗೆ ಒಂದು ಕಲ್ಲು ಕೂಡ ಕೊಟ್ಟಿರಲಿಲ್ಲ. ಅದರ ಕೆಳಗೆ ಕೈ ಹಾಕಿ ಸೆರಗಿಗೆ ತುಂಬುತ್ತಿದ್ದರು. ಸಾಹುಕಾರರು ಮೊದಲು ಆಡಿದ ಮಾತು, "ಮುಟ್ಟಬ್ಯಾಡ್ರಿ, ಅದು ಉದುರಿದ್ದಲ್ಲ, ಒಡದದ್ದು, ಮಿಲ್ಲಿಂದು." ಆಕೆ ತಿರುಗಿ, "ಉದುರಿದ್ರೇನು ಒಡದ್ರೇನು, ನೆಲಕ್ಕ ಬಿದ್ದದ್ದು ನಮ್ದು" ಎಂದಳು. ಸತ್ತಿದ್ದರೆ ಎಂದು ಇಬ್ಬರಲ್ಲಿ ಒಬ್ಬರೂ ಅನ್ನಲಿಲ್ಲ. ನಾನು ಮತ್ತು ಫಿಟ್ಟರು ಗಾಲಿಗಳಿಗೆ ಕಲ್ಲು ಕೊಟ್ಟು, ಅವರ ಕೈಗಳನ್ನು ಒಂದೊಂದಾಗಿ ಹಿಡಿದು ಹೊರಗೆ ಎಳೆದೆವು.

ಬೋಲ್ಟಿನ ತಪ್ಪು ನನ್ನದು ಎಂದು ಸಾಹುಕಾರರಿಗೆ ನಾನೇ ಹೇಳಿದೆ. ವ್ಯಾಪಾರದಲ್ಲಿ ಎಂದೂ ಆಡಬಾರದ ಮಾತು. ಆಡಿದ ಕೂಡಲೇ ಅವರು ಅದನ್ನು ಹಿಡಿದುಕೊಂಡರು, ರಿಪೇರಿಯೆಲ್ಲ ನನ್ನ ತಲೆಗೆ ಬಂತು. ಬರಲಿ ಎಂದೆ. ಫಿಟ್ಟರು ನನ್ನನ್ನು ವಿಚಿತ್ರವಾಗಿ ನೋಡಿದ.

ಮರುದಿನ ಬೋಲ್ಟನ್ನು ಕೊರೆದು ತೆಗೆದೆವು. ಕೊರೆಯುವ ಮೊದಲು ಸ್ಪ್ರಿಂಗಿನ ಭಾರವನ್ನು ಬೇರೆ ಕಡೆಯಿಂದ ಹಿಡಿದುಕೊಳ್ಳಬೇಕು, ಅದಕ್ಕೊಂದು ಹಿಡಿತದ ಸಾಧನ ಇದೆ. ಅದಿಲ್ಲದೆ ಯಾರೂ ಸ್ಪ್ರಿಂಗು ಕೂತ ಡಬ್ಬಿ ಬಿಚ್ಚಲು ಹೋಗಬೇಡಿ, ಸ್ಪ್ರಿಂಗು ಹಾರಿದರೆ ಎದೆಗೂಡಿಗೇ ಬರುತ್ತದೆ. ತಟ್ಟೆಯನ್ನು ಥಿನ್ನರಿನಿಂದ ಮೂರು ಸಲ ತೊಳೆದು ಬಿಳಿ ಬಟ್ಟೆಯಲ್ಲಿ ಒರೆಸಿದೆವು, ಬಟ್ಟೆ ಬಿಳಿಯಾಗಿಯೇ ಬರುವವರೆಗೆ. ಇಕ್ಕಳದ ಬಾಯಿಗೆ ಕೂರಿಸಿದ, ಎಣ್ಣೆ ಕುಡಿದ ಹಳೆಯ ಪ್ಯಾಡುಗಳನ್ನು ತೊಳೆದು ಹಾಕೋಣ ಎಂದ ವಿಂಚಿನವನ ಎದುರಿಗೇ ಅವನ್ನು ಮುರಿದು ಎಸೆದು, ವ್ಯಾನಿನಲ್ಲಿದ್ದ ಹೊಸವನ್ನು ಹಾಕಿದೆ. ಎಣ್ಣೆ ಕುಡಿದ ಪ್ಯಾಡು ಕುಡುಕನ ಹಾಗೆ. ಇವತ್ತು ಬಿಟ್ಟೆ ಅನ್ನುತ್ತದೆ, ಬಿಸಿಯಾದ ಕೂಡಲೇ ಮತ್ತೆ ಒಸರುತ್ತದೆ. ಮೀಟರಿನ ಕುಂಕುಮ ಒರೆಸಿದೆ. ಅವನ ಕೈಯಿಂದಲೇ ಟ್ಯಾಂಕಿನ ನೀರು ಬಿಡಿಸಿದೆ.

ಮತ್ತೆ ಹತ್ತು ಮೂಟೆ, ನಡು ಇಳಿಜಾರು, ಗಾಳಿ ತೆಗೆದೆ. ಎರಡೂ ಇಕ್ಕಳ ಟಪ್ ಎಂದು ಕಚ್ಚಿದವು. ಒಂದು ಚಹಾ ಕುಡಿದು ಮುಗಿಸುವ ತನಕ ನಿಲ್ಲಿಸಿ ನೋಡಿದೆವು. ಕೂದಲೆಳೆಯಷ್ಟೂ ಕದಲಲಿಲ್ಲ.

ಆಕೆ ಬಂದು ಕೆಳತುದಿಯ ನೆಲ ನೋಡಿದಳು. ನಾಲ್ಕು ಕಾಳು ಬಿದ್ದಿದ್ದವು.

"ಒಳ್ಳೇ ಪುಣ್ಯಾ ಕಟಗೊಂಡಿ ನೋಡಪ್ಪಾ. ನನ್ನ ಪುಟ್ಟಿನೂ ಹೋತು, ಕಾಳೂ ಹೋತು."

"ಜೀವ ಉಳೀತಲ್ಲಬೇ."

"ಜೀವ ನಿನ್ನೀನೂ ಇತ್ತು."

ನನಗೆ ಒಂದು ಗೊತ್ತಿತ್ತು: ನಾಲ್ಕು ಕಾಳಿಗೂ ಆಕೆ ಅಲ್ಲಿಗೇ ಹೋಗಿ ಕೂಡುತ್ತಾಳೆ. ಬ್ರೇಕು ಎಷ್ಟು ಗಟ್ಟಿ ಇದ್ದರೂ ತೂಗುವ ಭಾರದ ಕೆಳಗೆ ಮನುಷ್ಯ ಕೂಡಬಾರದು. ನಾಳೆ ಹಗ್ಗ ಹರಿದರೆ ಬ್ರೇಕು ಏನು ಮಾಡೀತು? ಬುದ್ಧಿ ಹೇಳಿದರೆ ಕೇಳುವ ಪೈಕಿ ಅಲ್ಲ ಆಕೆ. ಅದಕ್ಕೇ ಒಂದು ವ್ಯವಹಾರ ಮುಂದಿಟ್ಟೆ. ಟ್ರಾಲಿ ಖಾಲಿಯಾಗಿ ಕೆಳಗೆ ಬಂದು ನಿಂತ ಮೇಲೆ ಗಾಳಿ ವಾಲ್ವು ಮುಚ್ಚಿ ಅದಕ್ಕೊಂದು ಬೀಗ. ಗಾಳಿ ಇಲ್ಲದೆ ಇಕ್ಕಳ ಬಿಡುವುದಿಲ್ಲ, ಯಾರ ಅಪ್ಪನಿಂದಲೂ ಟ್ರಾಲಿ ಕದಲುವುದಿಲ್ಲ. ಕೀಲಿ ಒಂದೇ, ಅದು ಆಕೆಯ ಕೈಯಲ್ಲಿ. ಗುಡಿಸುವುದು ಬೀಗ ಬಿದ್ದ ಮೇಲೆ ಮಾತ್ರ, ಮತ್ತೆ ಆ ಹೊತ್ತಿನಲ್ಲಿ ಬೇರೆ ಯಾರೂ ಮೊರ ಹಿಡಿದು ಬರುವಂತಿಲ್ಲ; ಮೂವರೇ ಹಂಚಿಕೊಳ್ಳಬೇಕು.

"ಹೆಂಗಸಿನ ಕೈಗೆ ಮಿಲ್ಲಿನ ಕೀಲಿ ಕೊಡ್ತಾರೇನಯ್ಯಾ?" ಎಂದರು ಸಾಹುಕಾರರು.

"ಮಿಲ್ಲಿಂದಲ್ರಿ. ಒಂದು ವಾಲ್ವಿಂದು."

"ಎಷ್ಟು ಸಲ ನಿಲ್ಲಸೋದು? ದಿನಕ್ಕ ಎರಡು ಸಲ ಸಾಕು."

"ಐದು ಟ್ರಿಪ್ಪಿಗೊಮ್ಮೆ," ಎಂದಳು ಆಕೆ. ಅಲ್ಲಿಯವರೆಗೆ ಬೇಡವೆಂದು ನಿಂತಿದ್ದವಳು.

"ಇಪ್ಪತ್ತಕ್ಕೊಮ್ಮೆ."

"ಹಂಗಾರ ನಾ ಮೊದಲಿನಂಗ ಕೆಳಗ ಕುಂದ್ರತೀನಿ. ಏನರೆ ಆದ್ರ ನಿಮ್ಮ ಆಫೀಸಿನ ಮುಂದ ತಂದು ಮಲಗಸ್ತಾರ."

ನಾನು ಇಪ್ಪತ್ತೈದು ವರ್ಷ ಚೌಕಾಶಿ ಮಾಡಿ ಉಂಡವನು, ಇಂಥ ಪಟ್ಟು ಹಾಕಿದವಳನ್ನು ಕಂಡಿರಲಿಲ್ಲ. ತನ್ನ ಹೆಣವನ್ನೇ ತಕ್ಕಡಿಗೆ ಇಟ್ಟು ತೂಗಿದಳು. ಸಾಹುಕಾರರು ಲಾರಿಗಳ ಕಡೆ ನೋಡಿದರು, ಗಡಿಯಾರ ನೋಡಿದರು. ಚೌಕಾಶಿ ಎಂಟು ಟ್ರಿಪ್ಪಿಗೊಮ್ಮೆ ಎಂಬಲ್ಲಿಗೆ ನಿಂತಿತು. ಹೊಸ ಪುಟ್ಟಿಯ ಖರ್ಚೂ ಅವರದೇ.

ಸಿರುಗುಪ್ಪ ಪೇಟೆಗೆ ಹೋಗಿ ಒಂದು ಗಟ್ಟಿ ಬೀಗ ತಂದೆ, ಕೀಲಿ ಎರಡು ಬಂದವು. ಒಂದನ್ನು ಅಲ್ಲೇ ಫಿಟ್ಟರಿಗೆ ಕೊಟ್ಟು ಎಲ್ಲರ ಎದುರಿಗೆ ಸುತ್ತಿಗೆಯಿಂದ ಜಜ್ಜಿಸಿದೆ. ಉಳಿದದ್ದನ್ನು ಆಕೆಯ ಅಂಗೈಗೆ ಹಾಕಿದೆ. ಆಕೆ ಹಿಂದೆ ಮುಂದೆ ತಿರುಗಿಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಎಂಟು ಟ್ರಿಪ್ಪು ಆಗುವವರೆಗೆ ನಾನು ಅಲ್ಲೇ ನಿಂತೆ. ಟ್ರಾಲಿ ಖಾಲಿಯಾಗಿ ಕೆಳಗೆ ಬಂತು, ಗಾಳಿ ಭುಸ್ ಎಂದಿತು, ಆಕೆ ಬೀಗ ಹಾಕಿ ಜಗ್ಗಿ ನೋಡಿ, ಹೊಸ ಪುಟ್ಟಿ ಹಿಡಿದು ಒಳಗೆ ಹೋದಳು. ಕಾಳು ಒಂದು ಹಿಡಿಯೂ ಇರಲಿಲ್ಲ. ಆದರೂ ಗುಡಿಸಿದಳು.

"ಯಕ್ಕಾ, ಮುಗೀತೇನು?" ವಿಂಚಿನವನು ಕೂಗಿದ.

"ತಡಿಯಲೇ. ಮೂಲ್ಯಾಗ ಐತಿ ಇನ್ನ."

"ಎರಡು ಕಾಳಿಗೆ ಲಾರಿ ನಿಂತಾವಬೇ."

"ನಿಲ್ಲಲಿ."

ಸಾಹುಕಾರರು ಲೊಚ್ ಎಂದು ನಾಲಿಗೆ ಬಡಿದು ಆಫೀಸಿಗೆ ಹೋದರು. ಆಕೆ ಮೂಲೆ ಮುಗಿಸಿ, ಪುಟ್ಟಿ ಎತ್ತಿ, ಹಳಿ ದಾಟಿ, ಗೋಡೆಯ ಈಚೆಗೆ ಬಂದು ನಿಂತು, ಆಮೇಲೆ ಸೆರಗಿನ ಗಂಟು ಬಿಚ್ಚತೊಡಗಿದಳು.